ಅವರ್ ಸಿಟಿ, ಅವರ್ ಪ್ರೈಡ್

ಹುಟ್ಟುಹಬ್ಬದ ಫ್ಲೆಕ್ಸುಗಳು ಮತ್ತೆ ಎದ್ದಿವೆ. ಯಾರ ಹುಟ್ಟುಹಬ್ಬ ಅಂತ ಬೇರೆ ಹೇಳಬೇಕಿಲ್ಲ, ದಾವಣಗೆರೆಯಲ್ಲಿ ತಲೆ ಎತ್ತಿ ನಡೆದವರೆಲ್ಲ ನೋಡಿದ್ದೀರಿ. ಈ ಸಲ ಇಂಗ್ಲಿಷ್ ಬೇರೆ, ಅದೂ ಕನ್ನಡ ಅಕ್ಷರದಲ್ಲಿ: 'ಅವರ್ ಸಿಟಿ, ಅವರ್ ಪ್ರೈಡ್'. ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ಓದಿ, "ಕರೆಕ್ಟಾಗೇ ಬರ್ದಾರೆ ಬಿಡ್ರಿ, ಊರು ಅವರ್ದೇ ಅಲ್ಲೇನ್ರೀ?" ಅಂದರು. ಇಷ್ಟು ಪ್ರಾಮಾಣಿಕ ಫ್ಲೆಕ್ಸ್ ಊರಲ್ಲಿ ಎದ್ದೇ ಇರಲಿಲ್ಲ.

ಇಂಗ್ಲಿಷಿನ ಈ ಸರ್ವನಾಮಗಳ ಕಾಟ ಮಕ್ಕಳಿಗೆ ಗೊತ್ತು. 'ಮೈ' ಅಂದರೆ ಮುಂದೊಂದು ನಾಮಪದ ಬೇಕೇ ಬೇಕು, 'ಮೈನ್' ಒಂಟಿಯಾಗಿ ನಿಲ್ಲುತ್ತೆ. 'ಇಟ್ಸ್' ಬರೆಯುವಾಗ ನೆತ್ತಿ ಮೇಲೆ ಅಪಾಸ್ಟ್ರಫಿ ಅನ್ನೋ ಆ ಸಣ್ಣ ಬಾಲ ಎಳೆದರೆ 'ಅದರ' ಅನ್ನೋದು ಹೋಗಿ 'ಇಟ್ ಈಸ್' ಆಗುತ್ತೆ, ಮಾರ್ಕೂ ಹೋಗುತ್ತೆ. ಫ್ಲೆಕ್ಸ್ ಡಿಸೈನ್ ಮಾಡೋ ಹುಡುಗನಿಗೆ ಈ ಭಯವಿಲ್ಲ. ಎಲ್ಲದಕ್ಕೂ ಬಾಲ ಎಳೀತಾನೆ. ಯಾಕಪ್ಪಾ ಅಂದರೆ, "ಇರ್ಲಿ ಬಿಡಣ್ಣ, ಲುಕ್ ಬರುತ್ತೆ."

'ಯಾರದು' ಅನ್ನೋ ಪ್ರಶ್ನೆಗೆ ಹರಪನಹಳ್ಳಿಯವರಷ್ಟು ಉತ್ತರ ಬರೆದವರಿಲ್ಲ ಬಿಡಿ. ಮೊದಲು ಬಳ್ಳಾರಿಯದು. 1997ರಲ್ಲಿ ಜಿಲ್ಲೆ ಹುಟ್ಟಿದಾಗ ನಮ್ಮದು. ಆಮೇಲೆ ತಿರುಗಿ ಬಳ್ಳಾರಿಯದು, 2021ರಿಂದ ವಿಜಯನಗರದ್ದು. ಊರು ಒಂದು ಗೇಣೂ ಸರಿಯಲಿಲ್ಲ, ಲೆಟರ್‌ಹೆಡ್ಡು, ಸೀಲುಗಳು ಮಾತ್ರ ಊರೂರು ಸುತ್ತಿದವು. ಅಲ್ಲಿನ ಮಕ್ಕಳಿಗೆ ಈ ಪಾಠದಲ್ಲಿ ಗ್ರೇಸ್ ಮಾರ್ಕ್ಸ್ ಕೊಡಬೇಕು.

ನಮ್ಮ ನಾಯಕರಿಗಂತೂ ವ್ಯಾಕರಣ ಕರತಲಾಮಲಕ. ಟೇಪು ಕತ್ತರಿಸುವಾಗ 'ಮೈ ಅನುದಾನ'. ಬಸ್ ಶೆಲ್ಟರಿನ ಮೇಲೆ ಸ್ಟಾಪಿನ ಹೆಸರಿಗಿಂತ ದಪ್ಪಗೆ 'ಮೈ ಹೆಸರು'. ಮಳೆ ಬಂದು ಅದೇ ಶೆಲ್ಟರ್ ಸೋರಿದರೆ 'ದೇರ್ಸ್', ಹಿಂದಿನವರದು. ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ 2016ರಲ್ಲೇ ನಮ್ಮ ಹೆಸರು ಬಂದಾಗ 'ಮೈನ್' ಅಂದವರ ಸಾಲು ಸಣ್ಣದಿರಲಿಲ್ಲ.

ನಮ್ಮ ಬೀದಿ ತಿರುವಿನಲ್ಲಿ ಒಂದು ಗುಂಡಿ ಇದೆ. ಒಂದು ಕಚೇರಿಗೆ ಹೋದರೆ ರಸ್ತೆ ನಮ್ಮದಲ್ಲ ಅಂತಾರೆ. ಇನ್ನೊಂದಕ್ಕೆ ಹೋದರೆ ರಸ್ತೆ ನಮ್ಮದೇ, ಅಗೆದವರು ನಾವಲ್ಲ ಅಂತಾರೆ. ಅಗೆದವರು ಫೋನೇ ಎತ್ತಲ್ಲ. ಸಾಕಾಗಿದೆ. ರಾತ್ರಿ ಹೊತ್ತು ಅದರಲ್ಲಿ ಬಿದ್ದವನ ಮುರಿದ ಕೈ ಮಾತ್ರ ಯಾವ ತಕರಾರೂ ಇಲ್ಲದೆ ಅವನದೇ, ಆಸ್ಪತ್ರೆ ಬಿಲ್ಲೂ ಅವನದೇ. ಕಂದಾಯ ಕಟ್ಟಿದ್ದೀವಿ ಸ್ವಾಮಿ, ಮೊದಲು ಗುಂಡಿ ಮುಚ್ಚಿಸಿ. ಆಮೇಲೆ ಬೇಕಾದರೆ 'ಇಟ್ಸ್' ಮೇಲೆ ಎರಡೆರಡು ಬಾಲ ಎಳೆಸಿಕೊಳ್ಳಿ.