ನಲವತ್ತೆರಡು ಸಾವಿರದ ನೀರು

2024ರ ಬೇಸಿಗೆ. ನಮ್ಮ ಬನಶಂಕರಿ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೆಮ್ಮಿ ಕೆಮ್ಮಿ ಕೊನೆಗೆ ಬರೀ ಗಾಳಿ ಬಿಡತೊಡಗಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಕಳ್ಳನ ಹಾಗೆ ರಾತ್ರಿ ಹೊತ್ತು. ಉಳಿದಿದ್ದು ಟ್ಯಾಂಕರ್. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೂ ದರ ಕಟ್ಟಿತ್ತು: ಐದು ಕಿಲೋಮೀಟರ್ ಒಳಗಾದರೆ 12 ಸಾವಿರ ಲೀಟರಿಗೆ 1,000 ರೂಪಾಯಿ. ಲೆಕ್ಕಕ್ಕೆ ಇದಕ್ಕಿಂತ ಸಲೀಸಾದ ಸಂಖ್ಯೆ ಬೇಕೆ? ಏಪ್ರಿಲ್‌ನಲ್ಲಿ ಎ ಬ್ಲಾಕಿಗೆ 30 ಟ್ಯಾಂಕರ್, ಬಿ ಬ್ಲಾಕಿಗೆ 12. ಒಂದೊಂದು ಬ್ಲಾಕಿನಲ್ಲಿ 12 ಮನೆ. ಮೂರನೇ ಕ್ಲಾಸಿನ ಹುಡುಗ ಬಾಯಲ್ಲೇ ಹೇಳುತ್ತಾನೆ.

ಆದರೆ ನಾನು ಮೂರನೇ ಕ್ಲಾಸಿನ ಹುಡುಗನಲ್ಲ. ಹದಿನಾಲ್ಕು ವರ್ಷದಿಂದ ಆಫೀಸಿನಲ್ಲಿ ಡೇಟಾಬೇಸ್ ರಿಪೋರ್ಟ್ ಬರೆದು ಹೊಟ್ಟೆ ಹೊರೆಯುವವನು. ಅದೇ ಯಡವಟ್ಟಾಯಿತು.

ನಮ್ಮ ಕಾರ್ಯದರ್ಶಿ ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ಉದ್ದನೆ ಲೆಡ್ಜರಿನಲ್ಲಿ ಗೆರೆ ಎಳೆದು, ಕಾರ್ಬನ್ ಇಟ್ಟು ಬಿಲ್ ಬರೆಯುತ್ತಿದ್ದರು. "ರಾಯರೇ, ಈ ಕಾಲದಲ್ಲೂ ಕಾರ್ಬನ್ನಾ? ಕೊಡಿ ಇಲ್ಲಿ, ಎಸ್‌ಎಸ್‌ಆರ್‌ಎಸ್‌ನಲ್ಲಿ ರಿಪೋರ್ಟ್ ಮಾಡ್ತೀನಿ, ಒಂದು ಬಟನ್ ಒತ್ತಿದ್ರೆ 24 ಬಿಲ್" ಅಂದೆ. ಎಸ್‌ಎಸ್‌ಆರ್‌ಎಸ್ ಅಂದರೆ ಡೇಟಾಬೇಸಿನ ಲೆಕ್ಕವನ್ನು ಪುಟಕ್ಕಿಳಿಸಿ ಕೊಡುವ ಮೈಕ್ರೋಸಾಫ್ಟಿನ ಸಾಫ್ಟ್‌ವೇರ್. ರಾಯರು ಕನ್ನಡಕದ ಮೇಲಿನಿಂದ ನೋಡಿ, "ಮಾಡಿ, ಮಾಡಿ" ಅಂದರು. ಆ ಎರಡನೇ 'ಮಾಡಿ'ಯ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಶನಿವಾರ ರಾತ್ರಿ ಕೂತೆ. ಖರ್ಚಿಗೊಂದು ಡೇಟಾಸೆಟ್, ಅಂದರೆ ಮಾಹಿತಿಯ ಪಟ್ಟಿ; ಸದಸ್ಯರ ಹೆಸರಿಗೊಂದು. ಬ್ಲಾಕ್ ಎಂಬ ಗುಂಪು, ಅದರೊಳಗೆ ಫ್ಲಾಟ್ ಎಂಬ ಗುಂಪು, ಒಂದು ಫ್ಲಾಟಿಗೆ ಒಂದು ಪುಟ. ಮೇಲ್ಗಡೆ ಟೇಬಲಿನ ಹೊರಗೆ ಒಂದು ಪೆಟ್ಟಿಗೆ ಇಟ್ಟು, ಬ್ಲಾಕಿನ ಒಟ್ಟು ಕಾಣಲಿ ಅಂತ ಸಮ್ ಎಂಬ ಕೂಡುವ ಸೂತ್ರ ಬರೆದು ಪಕ್ಕದಲ್ಲಿ ಬ್ಲಾಕ್ ಅಂತ ಹೆಸರು ಕೊಟ್ಟೆ. ಪ್ರಿವ್ಯೂ ಒತ್ತಿದರೆ ಕೆಂಪಗೆ ಬಂತು: ಟೆಕ್ಸ್ಟ್‌ಬಾಕ್ಸ್ 47ರಲ್ಲಿ ಕೊಟ್ಟಿರುವ ಸ್ಕೋಪ್ ಸರಿಯಿಲ್ಲ, ಅದು ತನ್ನನ್ನು ಒಳಗೊಂಡ ಗುಂಪಿನ ಹೆಸರೋ, ಟೇಬಲಿನಂಥ ಡೇಟಾ ರೀಜನ್ನಿನ ಹೆಸರೋ, ಡೇಟಾಸೆಟ್ಟಿನ ಹೆಸರೋ ಆಗಿರಬೇಕು.

ಮೊದಲು ಈ ಟೆಕ್ಸ್ಟ್‌ಬಾಕ್ಸ್ 47 ಎಂಬ ಪೆಟ್ಟಿಗೆ ಯಾವುದು? ನಮ್ಮೂರಲ್ಲಿ ಹನ್ನೊಂದನೇ ಕ್ರಾಸ್ ಹುಡುಕಿ ಹೋದರೆ ಹನ್ನೊಂದನೇ 'ಎ' ಕ್ರಾಸ್, 'ಬಿ' ಕ್ರಾಸ್ ಸಿಕ್ಕಿ ಅದೊಂದು ಮಾತ್ರ ಸಿಗುವುದಿಲ್ಲವಲ್ಲ, ಹಾಗೆ 46 ಸಿಕ್ಕಿತು, 48 ಸಿಕ್ಕಿತು. 47 ಒಂದು ಗೆರೆಯ ಹಿಂದೆ ಅಡಗಿತ್ತು.

ಸ್ಕೋಪ್ ಅಂದರೆ ಇಷ್ಟೇ: ಒಟ್ಟು ಕೇಳುತ್ತೀಯಲ್ಲ, ಯಾರ ಒಟ್ಟು? ಮೊಮ್ಮಗ 'ನಮ್ಮ ತಾತನ ಆಸ್ತಿ ಎಷ್ಟು' ಅಂತ ಕೇಳಬಹುದು, ಅವನು ಆ ಮನೆಯೊಳಗೆ ಇದ್ದಾನೆ. ಬೀದಿಯಲ್ಲಿ ಹೋಗುವವನು ಕೇಳಿದರೆ ಒದೆ ಬೀಳುತ್ತದೆ. ನನ್ನ ಪೆಟ್ಟಿಗೆ ಟೇಬಲಿನ ಹೊರಗೆ, ಬೀದಿಯಲ್ಲಿ ನಿಂತಿತ್ತು. ಅಲ್ಲಿ ನಿಂತು ಬ್ಲಾಕ್ ಹೆಸರು ಹೇಳುವ ಹಾಗಿಲ್ಲ. ರಿಪೋರ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಡೇಟಾಸೆಟ್ ಇದ್ದರಂತೂ ಯಾವುದರ ಒಟ್ಟು ಅಂತ ಹೆಸರು ಹಿಡಿದು ಹೇಳಲೇಬೇಕು.

ಸರಿ, ಬ್ಲಾಕ್ ತೆಗೆದು ಖರ್ಚು ಎಂಬ ಡೇಟಾಸೆಟ್ಟಿನ ಹೆಸರು ಹಾಕಿದೆ. ಮತ್ತೆ ಅದೇ ಕೆಂಪು. ಹೊಸದಾಗಿ ಬರೆದೆ, ಕೆಂಪು. ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ, ಕೆಂಪು. ಹನ್ನೆರಡೂವರೆಗೆ ನನ್ನಾಕೆ ನೀರು ಕುಡಿಯಲು ಎದ್ದು ಬಂದು ಹಿಂದೆ ನಿಂತಳು.

"ರೀ, ಇಲ್ಲಿ ಕೆ ದೊಡ್ಡದಿದೆ, ಅಲ್ಲಿ ಚಿಕ್ಕದಿದೆ."

ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ, ಆ ಸಾಫ್ಟ್‌ವೇರಿಗೆ ದೊಡ್ಡ ಕೆ ಬೇರೆ, ಚಿಕ್ಕ ಕೆ ಬೇರೆ. ಕನ್ನಡದಲ್ಲಿ ಅಕ್ಷರಗಳಿಗೆ ಈ ದೊಡ್ಡಸ್ತಿಕೆಯೇ ಇಲ್ಲ ನೋಡಿ, 'ಕ' ಎಲ್ಲಿ ಕೂತರೂ 'ಕ'. ಇದನ್ನೇ ಅವಳಿಗೆ ವಿವರಿಸಲು ಹೋದೆ. ಅವಳು ಆಗಲೇ ಮಲಗಲು ಹೋಗಿದ್ದಳು.

ಕೆ ದೊಡ್ಡದಾಯಿತು, ಮೇಲೆ 42,000 ಅಂತ ಬಂತು. ಆ ಖುಷಿಯಲ್ಲಿ ನಾನು ಮಾಡಿದ್ದು ಹದಿನಾಲ್ಕು ವರ್ಷದ ಅನುಭವಸ್ಥ ಮಾಡುವ ಕೆಲಸವಲ್ಲ. ಇಷ್ಟು ಕಷ್ಟಪಟ್ಟು ಸಿಕ್ಕ ಸೂತ್ರ ಎಂದು ಅದನ್ನೇ ಕಾಪಿ ಮಾಡಿ ಪ್ರತಿ ಫ್ಲಾಟಿನ ಸಾಲಿಗೂ ಅಂಟಿಸಿದೆ. ಪುಟದ ತಲೆಯ ಮೇಲೆ ಸದಸ್ಯರ ಹೆಸರನ್ನು ಎಳೆದು ಬಿಟ್ಟೆ. ಕೆಂಪು ಬರಲಿಲ್ಲ. ಪಿಡಿಎಫ್ ಮಾಡಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿ, ಕೈಮುಗಿಯುವ ಚಿಹ್ನೆಯನ್ನೂ ಹಾಕಿ ಮಲಗಿದೆ.

ಬೆಳಿಗ್ಗೆ ಎದ್ದದ್ದು ಬಾಗಿಲು ಬಡಿಯುವ ಸದ್ದಿಗೆ. ನೆಲಮಹಡಿಯ ಅಜ್ಜಿ.

"ಏನಪ್ಪಾ, ನಲವತ್ತೆರಡು ಸಾವಿರದ ನೀರಾ? ನಾನಿರೋಳು ಒಬ್ಬಳು. ಕೆರೆ ಕುಡಿದ್ನಾ?"

ಪ್ರತಿ ಫ್ಲಾಟಿಗೂ 42,000. ತಪ್ಪು ಸಾಫ್ಟ್‌ವೇರಿನದ್ದಲ್ಲ. ಫ್ಲಾಟಿನ ಸಾಲಿನಲ್ಲಿ ನಿಂತು ಇಡೀ ಡೇಟಾಸೆಟ್ಟಿನ ಹೆಸರು ಹೇಳಿದರೆ ಅದು ಇಡೀ ಡೇಟಾಸೆಟ್ಟಿನ ಒಟ್ಟನ್ನೇ ಕೊಡುತ್ತದೆ. ಮೊಮ್ಮಗನ ಜೇಬಲ್ಲಿ ಎಷ್ಟಿದೆ ಅಂತ ಕೇಳಬೇಕಾದಲ್ಲಿ ಪ್ರತಿ ಸಲವೂ ತಾತನ ಆಸ್ತಿ ಓದಿಸಿದ್ದೆ. ಕೆಂಪು ಬಂದಿದ್ದರೆ ಮಾನ ಉಳಿಯುತ್ತಿತ್ತು.

ಅಷ್ಟರಲ್ಲಿ ರಾಯರು ಪ್ರಿಂಟ್ ಹಿಡಿದುಕೊಂಡೇ ಬಂದರು. ಮುಖದಲ್ಲಿ ಸಿಟ್ಟಿಲ್ಲ. ಅದು ಇನ್ನೂ ಕೆಟ್ಟದ್ದು.

"24 ಪುಟಾನೂ ನನ್ನ ಹೆಸರಲ್ಲೇ ಇದೆಯಲ್ಲ?"

ಹೌದು. ಟೇಬಲಿನ ಹೊರಗೆ ಹೆಸರನ್ನು ಎಳೆದು ಬಿಟ್ಟರೆ ಆ ಸಾಫ್ಟ್‌ವೇರ್ ನಮ್ಮನ್ನು ಕೇಳದೆಯೇ ಫಸ್ಟ್ ಎಂಬ ಫಂಕ್ಷನ್ ಸೇರಿಸಿಕೊಳ್ಳುತ್ತದೆ, ಅಂದರೆ ಪಟ್ಟಿಯ ಮೊದಲನೆಯವರು. ಎ-101. ಕಾರ್ಯದರ್ಶಿ ರಾಯರು.

"ಒಟ್ಟು ಹತ್ತು ಲಕ್ಷದ ಎಂಟು ಸಾವಿರ" ಅಂದರು ರಾಯರು, ಬಾಯಲ್ಲೇ ಗುಣಿಸಿ. "ನನ್ನ ಪಿಎಫ್ ದುಡ್ಡು ಎಲ್ಲಿದೆ ಅಂತ ನಿಮಗೆ ಯಾರು ಹೇಳಿದ್ದು?"

ಸರಿಪಡಿಸಲು ಎರಡು ನಿಮಿಷ. ಸಾಲಿನ ಸಮ್ಮಿನಿಂದ ಡೇಟಾಸೆಟ್ಟಿನ ಹೆಸರು ಅಳಿಸಿದರೆ ಸಾಕು, ತಾನು ಕೂತ ಗುಂಪಿನ ಲೆಕ್ಕವನ್ನು ಅದೇ ಹಿಡಿಯುತ್ತದೆ. ಸದಸ್ಯರ ಹೆಸರನ್ನು ಲುಕಪ್ ಎಂಬ ಫಂಕ್ಷನ್ನಿಂದ ಫ್ಲಾಟ್ ನಂಬರ್ ಹಿಡಿದು ಹುಡುಕಿಸಿ ಫ್ಲಾಟ್ ಗುಂಪಿನೊಳಗೇ ತಂದು ಕೂರಿಸಿದೆ. ಎ ಬ್ಲಾಕಿಗೆ ಮನೆಗೆ 2,500, ಬಿ ಬ್ಲಾಕಿಗೆ 1,000. ನಾನು ಕೆಳಗೆ ಹೋಗುವಷ್ಟರಲ್ಲಿ ರಾಯರು ಕಾರ್ಬನ್ ಇಟ್ಟು ಹದಿನೇಳು ಬಿಲ್ ಬರೆದು ಮುಗಿಸಿದ್ದರು.

ಅಜ್ಜಿ ಸಂಜೆ ಸೆರಗಿನ ಗಂಟು ಬಿಚ್ಚಿ ಐನೂರರ ಐದು ನೋಟು ಎಣಿಸಿ ನನ್ನ ಕೈಗಿಟ್ಟರು.

"ಉಳಿದ ಮೂವತ್ತೊಂಬತ್ತೂವರೆ ಸಾವಿರ ಕಂತಲ್ಲಿ ಕೊಟ್ರೆ ನಡೆಯುತ್ತೇನಪ್ಪಾ?"