ರಸ್ಟಿಕ್ ಅಂದ್ರೆ ರಿಪೇರಿ ಮಾಡ್ಸಿಲ್ಲ ಅಂತ

ನಂಗೆ ಮೂರು ಸ್ಟಾರ್ ಬಂದಿದೆ. ಹೋಟ್ಲಿಗಲ್ಲ, ಸಿನಿಮಾಗಲ್ಲ, ನಂಗೆ. ಬೆಟ್ಟದ ಮೇಲಿನ ಒಂದು ಬಾಡಿಗೆ ಮರದ ಮನೆ, ಅಂದ್ರೆ ಕ್ಯಾಬಿನ್‌ನಲ್ಲಿ ಮೂರು ರಾತ್ರಿ ಇದ್ದು ಬಂದಿದ್ದಕ್ಕೆ ಅದರ ಓನರ್ರು ಕೊಟ್ಟ ಮಾರ್ಕ್ಸು. "ಒಳ್ಳೇ ಜನ, ಆದ್ರೆ ಒಲೆ ಬೂದಿ ತೆಗೆದಿರಲಿಲ್ಲ, ಬೆಡ್‌ಶೀಟು ಮಡಚಿಟ್ಟಿದ್ರು, ಬುಟ್ಟಿಗೆ ಹಾಕಿರಲಿಲ್ಲ." ಮೇಷ್ಟ್ರು ಪ್ರೋಗ್ರೆಸ್ ಕಾರ್ಡಲ್ಲಿ "ಹುಡುಗ ಬುದ್ಧಿವಂತ, ಗಮನ ಸಾಲದು" ಅಂತ ಬರೀತಿದ್ರಲ್ಲ, ಅದೇ ಧಾಟಿ. ಕ್ಲೀನಿಂಗ್ ಫೀ ಅಂತ ಹತ್ತಿರ ಹತ್ತಿರ ಒಂದು ರಾತ್ರಿ ಬಾಡಿಗೆಯಷ್ಟು ಮೊದಲೇ ಕಿತ್ಕೊಂಡಿದ್ರು ಅನ್ನೋದು ಬೇರೆ ವಿಷಯ ಬಿಡಿ.

ಈ ಕ್ಯಾಬಿನ್‌ಗಳ ಫೋಟೋ ನೀವೂ ನೋಡಿರ್ತೀರಿ. ಮಂಜು, ಮರದ ಗೋಡೆ, ಕಿಟಕಿ ಹತ್ರ ಹಬೆಯಾಡೋ ಮಗ್ಗು, ಅದನ್ನ ಹಿಡಿದಿರೋ ಒಂದು ಕೈ. ಆ ಕೈ ಯಾರದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ, ಯಾವ ಕ್ಯಾಬಿನ್ ತೆಗೆದು ನೋಡಿದ್ರೂ ಅದೇ ಕೈ, ಅದೇ ಉಣ್ಣೆ ಸ್ವೆಟರಿನ ತೋಳು. ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದೋರಿಗೆ ಫಿಲ್ಟರ್ ಗೊತ್ತಿರಲಿಲ್ಲ ಪಾಪ, ಗೊತ್ತಿದ್ದಿದ್ರೆ ಹತ್ತಿರದ್ದೂ ನುಣ್ಣಗೆ ಅಂದ್ಬಿಡ್ತಿದ್ರು.

ಆಮೇಲೆ ಜಾಹೀರಾತಲ್ಲಿ ಬರೋ ಆ ಪದ, ರಸ್ಟಿಕ್. ಲ್ಯಾಟಿನ್‌ನಲ್ಲಿ 'ರೂಸ್' ಅಂದ್ರೆ ಹಳ್ಳಿಗಾಡು, ಅಲ್ಲಿಂದ ಹುಟ್ಟಿದ್ದು. ಬಾಡಿಗೆ ಭಾಷೆಯಲ್ಲಿ ಅರ್ಥ ಬೇರೆ, ರಿಪೇರಿ ಮಾಡ್ಸಿಲ್ಲ ಅಂತ. ಬಾಗಿಲು ಮುಚ್ಚಲ್ವಾ, ರಸ್ಟಿಕ್. ಮಂಚ ಕಿರ್ ಅಂತಾ, ರಸ್ಟಿಕ್. ನಮ್ಮನೇಲಿ ನಲ್ಲಿ ತೊಟ್ಟಿಕ್ಕಿದ್ರೆ ಪ್ಲಂಬರ್‌ಗೆ ಫೋನು, ಬೆಟ್ಟದ ಮೇಲೆ ತೊಟ್ಟಿಕ್ಕಿದ್ರೆ ಅದು ನೀರಿನ ನಿನಾದ, ಅದಕ್ಕೆ ಎಕ್ಸ್‌ಟ್ರಾ ಚಾರ್ಜು. "ಏಕಾಂತ" ಅಂತ ಬರೆದಿದ್ರೆ ಕೊನೇ ಒಂದೂವರೆ ಕಿಲೋಮೀಟರು ಸೂಟ್‌ಕೇಸು ತಲೆ ಮೇಲೆ ಅಂತ ತಿಳ್ಕೊಳ್ಳಿ.

"ಇಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ, ಮನಸ್ಸಿಗೆ ನೆಮ್ಮದಿ ಉಂಟು" ಅಂತ ಬೇರೆ ಹಾಕಿದ್ರು. ಸಂತೋಷ. ಬಾಗಿಲ ಮುಂದೆ ನಿಂತ ಮೇಲೆ ನೋಡಿದ್ರೆ ಅಲ್ಲಿ ಬೀಗ ಇಲ್ಲ, ನಂಬರ್ ಒತ್ತೋ ಸ್ಮಾರ್ಟ್ ಲಾಕು. ಆ ನಂಬರು ಬರೋದು ಚೆಕ್ ಇನ್ ಹೊತ್ತಿಗೆ ಸರಿಯಾಗಿ, ಎಲ್ಲಿಗೆ, ಮೊಬೈಲ್‌ಗೆ. ನನ್ನ ಹೆಂಡ್ತಿ ಛತ್ರಿ ಹಿಡ್ಕೊಂಡು "ಏನ್ರೀ ನೆಮ್ಮದಿ ಸಿಕ್ತಾ?" ಅಂತ ಕೇಳಿದ್ಳು. ನಾನು ಮಾತಾಡದೆ ಅದೇ ಒಂದೂವರೆ ಕಿಲೋಮೀಟರು ಕೆಳಗಿಳಿದು, ಕೈ ಮೇಲೆತ್ತಿ ಎರಡು ಕಡ್ಡಿ ಸಿಗ್ನಲ್ ಹಿಡಿದು, ನಂಬರನ್ನ ಬಾಯಲ್ಲೇ ಜಪ ಮಾಡ್ತಾ ವಾಪಸ್ ಹತ್ತಿದೆ. ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ, ವ್ಯತ್ಯಾಸ ಏನಂದ್ರೆ ಇರುವೆಗೂ ಅಡ್ವಾನ್ಸ್ ಕೊಟ್ಟಿದ್ವಿ.

ಬಡತನದ ವೇಷ ಹಾಕೋ ಈ ಶೋಕಿ ಹೊಸದೇನಲ್ಲ ಅನ್ನಿ. ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್ ವರ್ಸೇಲ್ಸ್ ಅರಮನೆ ಸಾಕಾಯ್ತು ಅಂತ ಅದೇ ತೋಟದಲ್ಲಿ 1783ರಲ್ಲಿ ಒಂದು ಹಳ್ಳೀನೇ ಕಟ್ಟಿಸೋಕೆ ಶುರು ಮಾಡಿದ್ಳು. ಹುಲ್ಲಿನ ಚಾವಣಿ, ಕೆರೆ, ಹಸು, ಹಾಲಿನ ಮನೆ ಎಲ್ಲ. ನಂಗೆ ಭಾರಿ ಇಷ್ಟವಾದ ವಿಷಯ ಅಂದ್ರೆ ಗೋಡೆಗಳ ಮೇಲೆ ಬಿರುಕನ್ನ ಬಣ್ಣದಲ್ಲಿ ಬರೆಸಿದ್ರು, ಹೊಚ್ಚಹೊಸ ಗೋಡೆ ಹಳೇದಾಗಿ ಕಾಣ್ಲಿ ಅಂತ. ಯೋಚ್ನೆ ಮಾಡಿ, ಬಿರುಕು ಬರೆಯೋದಕ್ಕೆ ಸಂಬಳ ತಗೊಂಡ ಪೇಂಟರು ಸಂಜೆ ಮನೆಗೆ ಹೋಗಿ ಹೆಂಡ್ತಿಗೆ ಏನಂತ ಹೇಳಿರ್ಬೇಕು, ಅವನ ಮನೇಲಿ ನಿಜವಾದ ಬಿರುಕು ಎಷ್ಟಿದ್ವೋ ಏನೋ. ರಾಣಿಯ ಗುಡಿಸಲಿನ ಒಳಗೆ ಮಾತ್ರ ಅರಮನೆ ದರ್ಜೆಯ ಪೀಠೋಪಕರಣ. ಆಮೇಲೆ 1789ರ ಕ್ರಾಂತಿ ಬಂತು, 1793ರ ಅಕ್ಟೋಬರ್‌ನಲ್ಲಿ ತಲೆ ಕತ್ತರಿಸೋ ಗಿಲೋಟಿನ್ ಬಂತು, ಆ ಕಥೆ ನಿಮಗೆ ಗೊತ್ತಿರೋದೇ. ಆದ್ರೆ ಒಂದು ಮಾತು ಹೇಳ್ತೀನಿ, ಆಯಮ್ಮ ಹೊರಡೋವಾಗ ಬೆಡ್‌ಶೀಟ್ ಬುಟ್ಟಿಗೆ ಹಾಕು ಅಂತ ಯಾರೂ ಹೇಳಿರ್ಲಿಕ್ಕಿಲ್ಲ. ನಮ್ಮ ಕ್ಯಾಬಿನ್‌ನಲ್ಲಿ ಬಿರುಕು ಒರಿಜಿನಲ್ಲು.

ಇನ್ನು ಗೋಡೆ ಮೇಲೆ ಥೋರೋ ಫೋಟೋ. ಎಲ್ಲ ಕ್ಯಾಬಿನ್ ಓನರ್ರಿಗೂ ಏಕಾಂತದ ಬಗ್ಗೆ ಬರೆದ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ಕುಲದೇವರು. 1845ರ ಜುಲೈ 4ಕ್ಕೆ ವಾಲ್ಡನ್ ಕೊಳದ ದಡದಲ್ಲಿ ಹತ್ತಡಿ ಅಗಲ ಹದಿನೈದಡಿ ಉದ್ದದ ಗುಡಿಸಲಿಗೆ ಹೋಗಿ ಎರಡು ವರ್ಷ ಎರಡು ತಿಂಗಳು ಎರಡು ದಿನ ಇದ್ದ ಮನುಷ್ಯ. ಕಟ್ಟೋಕೆ ಆದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟು, ಅರ್ಧ ಸೆಂಟನ್ನೂ ಬಿಡದೆ ಲೆಕ್ಕ ಬರೆದಿಟ್ಟಿದ್ದಾನೆ. ಜಾಗ ಸ್ನೇಹಿತ ಎಮರ್ಸನ್‌ದು. ಊರು ಹೆಚ್ಚೂಕಮ್ಮಿ ಒಂದೂವರೆ ಮೈಲಿ, ಆಗಾಗ ಅಮ್ಮನ ಮನೆಗೆ ಹೋಗಿ ಊಟ ಮಾಡ್ಕೊಂಡು ಬರ್ತಿದ್ದ. ಅದರಲ್ಲಿ ತಪ್ಪೇನೂ ಇಲ್ಲ, ನಂಗೂ ಅಮ್ಮನ ಮನೆ ಒಂದೂವರೆ ಮೈಲಿಯಲ್ಲಿದ್ದಿದ್ರೆ ನಾನೂ ಏಕಾಂತದ ಬಗ್ಗೆ ಚೆನ್ನಾಗೇ ಬರೀತಿದ್ದೆ. ಎಮರ್ಸನ್ ಕ್ಲೀನಿಂಗ್ ಫೀ ಹಾಕಿದ್ರೆ ಆ ಲೆಕ್ಕದ ಪುಸ್ತಕದಲ್ಲಿ ಖಂಡಿತ ಇರ್ತಿತ್ತು.

ರಾತ್ರಿ ಚಳಿ ಶುರುವಾಯ್ತು. ಹೀಟರ್ ಇಲ್ಲ, ಸೌದೆ ಒಲೆ. ಸೌದೆ ಚೆನ್ನಾಗಿ ಉರೀಬೇಕಂದ್ರೆ ಅದರಲ್ಲಿ ನೀರಿನಂಶ ನೂರಕ್ಕೆ 20ಕ್ಕಿಂತ ಕಮ್ಮಿ ಇರ್ಬೇಕು, ಕಡಿದು ಆರು ತಿಂಗಳು ಒಂದು ವರ್ಷ ಒಣಗಿಸ್ಬೇಕು. ಇವರು ಕೊಟ್ಟ ಸೌದೆ ಹಿಂಡಿದ್ರೆ ಲೋಟ ತುಂಬ್ತಿತ್ತು. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ 'ಶಿನ್ರಿನ್ ಯೋಕು' ಅಂತ ಒಂದು ಪದ ಬಳಕೆಗೆ ತಂತು, ಕಾಡಿನ ಸ್ನಾನ ಅಂತ, ಆ ಪದಾನೂ ನಮ್ಮ ಕ್ಯಾಬಿನ್‌ನ ಜಾಹೀರಾತಲ್ಲಿತ್ತು, ನಮಗಾಗಿದ್ದು ಹೊಗೆ ಸ್ನಾನ. ಮೂಲೇಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇತ್ತು, ನಿಮಿಷಕ್ಕೊಂದು ಸಲ ಕಿಚಕ್ ಅಂತಿತ್ತು, ಹಕ್ಕಿ ಅಂದ್ಕೊಂಡಿದ್ವಿ. ಬ್ಯಾಟರಿ ಮುಗೀತಿದೆ ಅನ್ನೋ ಸದ್ದು ಅದು. ಕಾರ್ಬನ್ ಮಾನಾಕ್ಸೈಡ್ ಅಂದ್ರೆ ಬಣ್ಣ ಇಲ್ಲದ, ವಾಸನೆ ಇಲ್ಲದ, ಮಲಗಿದ್ದಲ್ಲೇ ಕೊಲ್ಲೋ ಗ್ಯಾಸು. ರಾತ್ರಿಯಿಡೀ ಕಿಟಕಿ ತೆಗೆದಿಟ್ಟು ಕೂತಿದ್ವಿ, ಒಲೆ ಹಚ್ಚಿದ್ದು ಯಾಕೆ ಅಂತ ಕೇಳಬೇಡಿ.

ಇಡೀ ಮನೇಲಿ ನೆಟ್ಟಗಿದ್ದ ಒಂದೇ ವಸ್ತು ಅಂದ್ರೆ ಲ್ಯಾಮಿನೇಟ್ ಮಾಡಿದ ಚೆಕ್ ಔಟ್ ಹಾಳೆ. ಪಾತ್ರೆ ತೊಳೀರಿ, ನೆಲ ಗುಡಿಸಿ, ಬೂದಿ ತೆಗೀರಿ, ಟವೆಲ್ ಮಷೀನ್‌ಗೆ ಹಾಕಿ, ಕಸ ಕಾರಲ್ಲಿ ಇಟ್ಕೊಂಡು ಹೋಗಿ, ಹತ್ತು ಗಂಟೆಯೊಳಗೆ. ಮನೆ ಬಾಡಿಗೆಗೆ ಬುಕ್ ಮಾಡಿಸೋ ಈ ಧಂದೆಯ ದೊಡ್ಡಣ್ಣ ಏರ್‌ಬಿಎನ್‌ಬಿ (ನಾನು ಬುಕ್ ಮಾಡಿದ್ದು ಅದರಲ್ಲಲ್ಲ) 2022ರಲ್ಲೇ ಗೆಸ್ಟುಗಳ ಕೈಲಿ ಹಾಸಿಗೆ ಮೇಲಿನ ಬೆಡ್‌ಶೀಟ್ ತೆಗೆಸೋದು, ಬಟ್ಟೆ ಒಗೆಸೋದು ಸರಿಯಲ್ಲ ಅಂತ ಹೇಳ್ತು. ಮನೆ ಒಳಗೆ ಕ್ಯಾಮರಾ ಇಡೋ ಹಾಗಿಲ್ಲ ಅಂತ ಪೂರ್ತಿ ನಿಷೇಧ ಮಾಡಿದ್ದು 2024ರ ಏಪ್ರಿಲ್ ಕೊನೆಗೆ. ಅಮೆರಿಕದಲ್ಲಿ ಕ್ಲೀನಿಂಗ್ ಫೀ ಥರದ ಫೀಗಳನ್ನೆಲ್ಲ ಸೇರಿಸಿ ಒಟ್ಟು ರೇಟು ಮೊದಲೇ ತೋರಿಸಿ ಅನ್ನೋ ನಿಯಮ ಜಾರಿಗೆ ಬಂದಿದ್ದು 2025ರ ಮೇ 12ಕ್ಕೆ. ಬಾಡಿಗೆಗೆ ಬಂದೋರು ಮಲಗಿರೋವಾಗ ಕ್ಯಾಮರಾ ಇಟ್ಟು ನೋಡಬಾರದು ಅನ್ನೋದನ್ನೂ ರೂಲ್ ಮಾಡಿ ಹೇಳಬೇಕಾ? ಹೇಳಬೇಕಂತೆ.

ನಾವು ಬಾಗಿಲು ಹಾಕ್ತಿರೋವಾಗ ಕ್ಲೀನ್ ಮಾಡೋಕೆ ಒಬ್ರು ಹೆಂಗಸು ಬಂದ್ರು. ಕೆಳಗಿನ ಊರಿಂದ, ಎರಡು ಬಸ್ ಬದಲಾಯಿಸಿ. ಹತ್ತಿರದಲ್ಲೇ ಮನೆ ಮಾಡಬಹುದಿತ್ತಲ್ವಾ ಅಂತ ಪೆದ್ದನ ಹಾಗೆ ಕೇಳ್ದೆ. "ಇಲ್ಲಿ ಮನೆಗಳೆಲ್ಲ ನಿಮ್ಮಂಥೋರಿಗೆ ಸಾರ್" ಅಂದ್ರು, ಬೇಜಾರಿಂದ ಏನೂ ಅಲ್ಲ, ಟೈಮ್ ಎಷ್ಟು ಅಂತ ಹೇಳಿದ ಹಾಗೆ. ಕ್ಲೀನಿಂಗ್ ಫೀ ಎಷ್ಟು ಸಿಗುತ್ತೆ ಅಂದ್ರೆ ಅದೇನು ಅಂತ ನನ್ನನ್ನೇ ಕೇಳಿದ್ರು. ಅಮೆರಿಕದ ಕೊಲರಾಡೋ ರಾಜ್ಯದ ಕ್ರೆಸ್ಟೆಡ್ ಬ್ಯೂಟ್ ಅನ್ನೋ ಬೆಟ್ಟದೂರು 2021ರಲ್ಲಿ ಬೆಂಕಿನೋ ಪ್ರವಾಹನೋ ಬಂದಾಗ ಮಾಡೋ ಹಾಗೆ ತುರ್ತು ಪರಿಸ್ಥಿತಿ ಘೋಷಣೆ ಮಾಡ್ತು, ಯಾಕಂದ್ರೆ ಊರಲ್ಲಿ ಕೆಲಸ ಮಾಡೋರಿಗೆ ಇರೋಕೆ ಮನೆ ಇಲ್ಲ. ವರ್ಷದಲ್ಲಿ ಎಷ್ಟೋ ದಿನ ಖಾಲಿ ಬಿದ್ದಿರೋ ಮನೆ, ಅದರ ಪಕ್ಕದಲ್ಲೇ ಬಸ್ ಕಾಯೋ ಹೆಂಗಸು, ಅವರು ತೊಳೀಬೇಕಾದ ಪಾತ್ರೆ ನಾನು ತೊಳೆದು ಅವರ ದುಡ್ಡು ಇನ್ಯಾರದೋ ಜೇಬಿಗೆ, ಇದಕ್ಕೆ ಏನಂತ ಜೋಕು ಮಾಡೋದು, ಮಾಡೋಕೆ ಬರ್ತಿಲ್ಲ ನಂಗೆ.

ಸ್ಟಾರ್ ವಿಷಯಕ್ಕೆ ಬರೋಣ. ಅವರು ಬರೆದಿದ್ದು ನಮಗೆ, ನಾವು ಬರೆದಿದ್ದು ಅವರಿಗೆ, ಇಬ್ಬರೂ ಬರೆದು ಮುಗಿಸೋವರೆಗೂ ಬುಕ್ ಮಾಡಿದ ಸೈಟು ತೋರಿಸಲ್ಲ. ಹಾಗಾಗಿ ನಾನು ಮೊದಲೇ ಬರೆದಿದ್ದೆ. ಐದು ಸ್ಟಾರ್. "ಅದ್ಭುತ ಅನುಭವ, ತುಂಬಾ ರಸ್ಟಿಕ್." ಕೆಟ್ಟದಾಗಿ ಬರೆದ್ರೆ ಮುಂದೆ ಯಾರೂ ಮನೆ ಕೊಡಲ್ವೇನೋ ಅನ್ನೋ ಹೆದರಿಕೆ, ಅಷ್ಟೇ, ಬೇರೆ ಕಾರಣ ಇಲ್ಲ. ಅದನ್ನ ನೋಡಿ ಬುಕ್ ಮಾಡಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಹೋಗೋವಾಗ ಅಲಾರಂಗೆ ಒಂದು ಬ್ಯಾಟರಿ ಇಟ್ಕೊಂಡು ಹೋಗಿ.