ಜೇಬಿನಲ್ಲಿ ಅರ್ಧ ಈರುಳ್ಳಿ
ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ನಡೆಯುವ ನನಗೆ, ಆ ಹಸಿರು ನೀರಿನ ಒಂದು ಹನಿಯೊಳಗೆ ಏನೇನಿದ್ದೀತೆಂಬ ಕುತೂಹಲ ಹುಟ್ಟಿದ್ದೇ ಖರ್ಚಿಗೆ ದಾರಿಯಾಯಿತು. ಹೊಸ ಸೂಕ್ಷ್ಮದರ್ಶಕದ ಬೆಲೆ ಕೇಳಿ ತೆಪ್ಪಗಾದೆ. ಆಟಿಕೆಯಂಗಡಿಯಲ್ಲಿ ಡಬ್ಬಿಯ ಮೇಲೆ ‘1200 ಪಟ್ಟು’ ಎಂದು ಬರೆದಿದ್ದ ಅಗ್ಗದ ಸರಕನ್ನು ನಂಬಲಾಗಲಿಲ್ಲ. ಮಸೂರ ವಿವರವನ್ನು ಬಿಡಿಸಿ ತೋರಿಸದೆ ಎಷ್ಟು ಪಟ್ಟು ಹಿಗ್ಗಿಸಿದರೂ ಕಾಣುವುದು ದೊಡ್ಡದಾದ ಮಬ್ಬು ಮಾತ್ರ.

ಕೊನೆಗೆ ಮಂಡಿ ಮೊಹಲ್ಲಾದ ಗುಜರಿ ಅಂಗಡಿಯೊಂದರಲ್ಲಿ, ಮುಚ್ಚಳವಿಲ್ಲದ ಕುಕ್ಕರುಗಳ ನಡುವೆ, ಬುಡದಲ್ಲಿ ಕನ್ನಡಿಯಿದ್ದ ಕಪ್ಪು ಸೂಕ್ಷ್ಮದರ್ಶಕವೊಂದು ಸಿಕ್ಕಿತು. ಶಾಲಾ ಕಾಲೇಜುಗಳ ಪ್ರಯೋಗಾಲಯದ ಉಪಕರಣಗಳಿಗೆ ಹೆಸರಾದ ಹರಿಯಾಣದ ಅಂಬಾಲದಲ್ಲಿ ತಯಾರಾದದ್ದು. ನಾನು ಜೇಬಿನಿಂದ ಸ್ಲೈಡನ್ನೂ ಕಾಗದದಲ್ಲಿ ಸುತ್ತಿದ ಅರ್ಧ ಈರುಳ್ಳಿಯನ್ನೂ ಹೊರತೆಗೆದಾಗ ಅಂಗಡಿಯವರು, “ಏನ್ ಸಾರ್, ಬುತ್ತಿ ಕಟ್ಕೊಂಡೇ ಬಂದ್ಬಿಟ್ರಾ?” ಎಂದರು.

ಈರುಳ್ಳಿಯ ಎಸಳಿನ ಒಳಮೈಯಿಂದ ತೆಳುಪೊರೆಯೊಂದನ್ನು ಸುಲಿದು, ನೀರಿನ ಹನಿಯಲ್ಲಿ ಹರಡಿ, ಕನ್ನಡಿಯನ್ನು ಬಾಗಿಲ ಬೆಳಕಿಗೆ ತಿರುಗಿಸಿದೆ. 10 ಪಟ್ಟಿನ ಮಸೂರದಲ್ಲಿ ಕೋಶಗಳು ಗದ್ದೆಯ ಮಡಿಗಳಂತೆ ಅಂಚು ಸಮೇತ ಕಂಡವು. 40ರದ್ದಕ್ಕೆ ಹೊರಳಿಸಿದರೆ ಎಲ್ಲವೂ ಮಂಜು, ಮೇಲೆ ನಾಲ್ಕಾರು ಕಪ್ಪು ಚುಕ್ಕೆ. ಕಣ್ಣಿಟ್ಟು ನೋಡುವ ಕಡೆಯ ಮಸೂರವಾದ ಐಪೀಸನ್ನು ಮೆಲ್ಲಗೆ ತಿರುಗಿಸಿ ನೋಡಿದೆ: ಚುಕ್ಕೆಗಳೂ ಜೊತೆಗೇ ತಿರುಗಿದವು. ಹಾಗಾದರೆ ಕೊಳೆಯಿರುವುದು ಐಪೀಸಿನಲ್ಲಿ, ಒರೆಸಿದರೆ ಹೋಗುವಂಥದ್ದು. ಮಂಜು ಮಾತ್ರ ಕದಲಲಿಲ್ಲ. ಆ 40ರ ಮಸೂರವನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಒಳಗೆ ಜೇಡನ ನೂಲಿನಂತೆ ಬೂಷ್ಟು ಹಬ್ಬಿತ್ತು. ಎಷ್ಟೋ ಮಳೆಗಾಲ ಮರದ ಪೆಟ್ಟಿಗೆಯಲ್ಲಿ ಗಾಳಿಯಾಡದೆ ಕುಳಿತದ್ದರ ಫಲವಿರಬೇಕು. ಬೂಷ್ಟು ಗಾಜನ್ನೇ ತಿಂದಿದ್ದರೆ ಒರೆಸಿಯೂ ಪ್ರಯೋಜನವಿಲ್ಲ.

“ಬಾಡಿ ನೋಡಿ ಸಾರ್, ಗಟ್ಟಿ ಕಬ್ಬಿಣ” ಎಂದು ಅವರು ಅದರ ಬೆನ್ನು ತಟ್ಟಿದರು. ಕಬ್ಬಿಣವನ್ನು ತೂಕಕ್ಕೆ ಕೊಳ್ಳಬಹುದು, ನನಗೆ ಬೇಕಾದದ್ದು ಗಾಜು ಎಂದು ನಾನು ಹಟ ಹಿಡಿದೆ. ಅವರು ಹೇಳಿದ 4500 ರೂಪಾಯಿ ಹೀಗೆ 1800ಕ್ಕೆ ಇಳಿಯಿತು. ನಾನು ಬಾಯಿಬಿಡದ ಸಂಗತಿಯೊಂದಿತ್ತು: ಇಂಥ ಸೂಕ್ಷ್ಮದರ್ಶಕಗಳ ಮಸೂರದ ತಿರುಪು ಹತ್ತೊಂಬತ್ತನೆಯ ಶತಮಾನದಿಂದ ಬಂದ ಒಂದೇ ಅಳತೆಯದು, ಇದರಂತೆ 160 ಮಿ.ಮೀ. ಉದ್ದದ ಕೊಳವೆಗೆಂದು ಮಾಡಿದ ಬೇರೆ ಕಂಪನಿಯ ಮಸೂರವೂ ಇದಕ್ಕೆ ಕೂರುತ್ತದೆ.

ಆ ಮಸೂರ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅಡುಗೆಮನೆಯ ಕಿಟಕಿಯ ಬಳಿ 10ರದ್ದರಲ್ಲೇ ಕೆರೆಯ ಹನಿಯನ್ನು ನೋಡುತ್ತಿದ್ದೇನೆ. ನಿನ್ನೆ ಪಾಚಿಯ ಎಳೆಗೆ ಅಂಟಿಕೊಂಡಿದ್ದ ವೋರ್ಟಿಸೆಲ್ಲಾ ಎಂಬ ತೊಟ್ಟುಳ್ಳ ಏಕಕೋಶ ಜೀವಿಯೊಂದು, ಪುಟ್ಟ ಗಂಟೆಯಂತೆ ಬಾಯಿ ತೆರೆದು ನಿಂತಿತ್ತು. ಮನೆಯವರು ಕಟ್ಟೆಯ ಮೇಲೆ ಲಟ್ಟಣಿಗೆ ಇಟ್ಟ ಸಣ್ಣ ಅದುರಿಗೆ ತೊಟ್ಟನ್ನು ಸುರುಳಿ ಸುತ್ತಿಕೊಂಡು ಮುದುಡಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ನಿಧಾನವಾಗಿ ನೆಟ್ಟಗಾಯಿತು.